ಮೈಮೇಲೆ ಗುರುತಿಲ್ಲದವನು

‘ನಗುಮುಖ’ ಎಂಬಲ್ಲಿಗೆ ಬಂದಾಗ ಲವೀನಿಯಾಳ ಕೈ ನಿಂತಿತು.

ಅಚ್ಚಿನ ಮೊಳೆ ಜೋಡಿಸುವವರು ಅರ್ಥ ನೋಡಿಕೊಂಡು ಜೋಡಿಸುವುದಿಲ್ಲ. ಬಲಗೈ ಖಾನೆಯಿಂದ ಖಾನೆಗೆ ಹಾರಿ ಒಂದೊಂದೇ ಅಕ್ಷರ ಹೆಕ್ಕಿ ತರುತ್ತದೆ, ಎಡಗೈಯಲ್ಲಿ ಹಿಡಿದ ಕಬ್ಬಿಣದ ಪಟ್ಟಿ ಅದನ್ನು ಸಾಲಿಗೆ ಸೇರಿಸಿಕೊಳ್ಳುತ್ತದೆ. ಸಾಲು ತುಂಬಿದರೆ ಮುಂದಿನ ಸಾಲು. ಯಾರು ಸತ್ತರು, ಯಾರು ಗೆದ್ದರು, ಹೊಸ ಟೋಪಿ ಅಂಗಡಿ ಯಾವ ಬೀದಿಯಲ್ಲಿ ತೆರೆಯಿತು ಎಂಬುದೆಲ್ಲ ಕರಡು ತಿದ್ದುವವರ ತಲೆನೋವು. ಅದಕ್ಕೇ ಅವಳು ಕೈಗೆ ಬಂದ ಚೀಟಿಯ ಬಹುಪಾಲನ್ನು ಏನೂ ಅನ್ನಿಸದೆಯೇ ಜೋಡಿಸಿ ಮುಗಿಸಿದ್ದಳು. ‘ಎಡಗೈ ಮಣಿಕಟ್ಟಿನ ಒಳಭಾಗದಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರದ ಸುಟ್ಟ ಕಲೆ. ಹೊಲಿಗೆಯಲ್ಲಿ, ಇಸ್ತ್ರಿಯಲ್ಲಿ ಕೈ ಚುರುಕು. ಕದ್ದು ಓದು ಕಲಿತಿದ್ದಾಳೆ. ಮಾತನಾಡಿಸಿದರೆ ನಗುಮುಖದಿಂದ ಉತ್ತರ ಕೊಡುತ್ತಾಳೆ.’

ಆ ಮನೆಯಲ್ಲಿ ಅವಳು ನಗುತ್ತಿದ್ದುದು ನಿಜ. ನಗದಿದ್ದರೆ ಏನಾಗುತ್ತದೆಂದು ತಿಳಿದಿದ್ದವರೆಲ್ಲ ಅಲ್ಲಿ ನಗುತ್ತಲೇ ಇದ್ದರು. ಕಾಲರು ತುಸು ಕಂದಿತೆಂದು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅವಳ ಕೈಗೆ ಒತ್ತಿ ಹಿಡಿದವಳು ಯಜಮಾನಿ. ಬಾಗಿಲಿಗೆ ಒರಗಿ ನೋಡುತ್ತಾ ನಿಂತವನು ಯಜಮಾನ. ಕಲೆ ಎಲ್ಲಿದೆ, ಯಾವ ಆಕಾರದಲ್ಲಿದೆ ಎಂಬುದು ಆ ಮಹಾನುಭಾವನಿಗೆ ಇಷ್ಟು ವರ್ಷಗಳ ಮೇಲೂ ನೆನಪಿದೆ. ಹೇಗೆ ಬಂತು ಎಂಬುದಷ್ಟೇ ಮರೆತುಹೋಗಿದೆ.

ಚೀಟಿಯಲ್ಲಿ ಇನ್ನೊಂದು ಸಾಲು ಉಳಿದಿತ್ತು. ‘ಓಡಿಹೋದ ಮೇಲೆ ಅವಳಿಗೆ ಸಂತಾನವಾಗಿದ್ದರೆ ಅದೂ ಸೇರಿ.’

ತಲೆಯ ಮೇಲಿನ ಹಲಗೆಯ ಮಹಡಿಯಲ್ಲಿ ಮಗಳು ಆಲಿವ್ ಒಂಟಿಕಾಲಲ್ಲಿ ಕುಪ್ಪಳಿಸುತ್ತಿದ್ದಳು. ಈ ಬಫಲೋ ಊರಲ್ಲೇ, ಈ ವೈನ್ ಬೀದಿಯಲ್ಲೇ ಹುಟ್ಟಿದ ಮಗು. ಅಪ್ಪನ ಮುಖ ಅವಳಿಗೆ ನೆನಪಿಲ್ಲ. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅವನನ್ನು ಸರೋವರದ ಬಿರುಗಾಳಿ ನುಂಗಿತ್ತು. ಅಂಥ ಮಗುವನ್ನು ಮೇರಿಲ್ಯಾಂಡಿನ ಯಾವುದೋ ಜಗಲಿಯಲ್ಲಿ ಕೂತ ಗಂಡಸೊಬ್ಬ, ಹುಟ್ಟಿದೆಯೋ ಇಲ್ಲವೋ ಎಂದೂ ತಿಳಿಯದೆ, ‘ಅದು’ ಎಂದು ಬರೆದು ತನ್ನದು ಮಾಡಿಕೊಂಡಿದ್ದ. ಲವೀನಿಯಾಳಿಗೆ ಮೊದಲು ಭಯವಾಗಬೇಕಿತ್ತು. ಆದದ್ದು ಸಿಟ್ಟು.

“ಪ್ರುಡೆನ್ಸಕ್ಕ, ನಿಮ್ ಚೀಟೀಲಿ ಏನಿದೆ?”

ಉದ್ದದ ಬರಹವನ್ನು ಕತ್ತರಿಯಿಂದ ತುಂಡು ಮಾಡಿ ಹಂಚಿಕೊಂಡು ಜೋಡಿಸುವುದು ಆ ಅಚ್ಚುಕೂಟದ ಪದ್ಧತಿ. ತಲೆ ಒಬ್ಬರ ಕೈಗೆ, ಹೊಟ್ಟೆ ಇನ್ನೊಬ್ಬರ ಕೈಗೆ. ಕೆಲಸ ಬೇಗ ಮುಗಿಯುತ್ತದೆ. ಈ ಬರಹದ ತಲೆ ಸಂಪಾದಕರ ಹೆಂಡತಿ ಪ್ರುಡೆನ್ಸಳ ಪಾಲಿಗೆ ಬಂದಿತ್ತು. ಅವಳು ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡಳು.

“ಇನ್ನೇನಿರುತ್ತೆ, ಅದೇ ಗೋಳು. ‘ಓಡಿಹೋಗಿದ್ದಾಳೆ, ವೈನಿ ಎಂಬ ಹೆಂಗಸು, ಮೇರಿಲ್ಯಾಂಡಿನ ಥಾರ್ನ್‌ಟನ್ ಪೀಕ್ ಎಂಬವರ ಮನೆಯಿಂದ. ಸರೋವರದ ದಂಡೆಯ ಊರುಗಳಲ್ಲಿ ಇರಬಹುದೆಂಬ ಗುಮಾನಿ.’ ಪೀಕ್ ಅಂತೆ, ಪೀಕ್. ಯಾಕೇ?”

“ಆ ವೈನಿ ನಾನೇ, ಅಕ್ಕ.”

ಪ್ರುಡೆನ್ಸ್ ತನ್ನ ಕೈಯಲ್ಲಿದ್ದ ಪಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಎಂಥ ಸುದ್ದಿ ಬಂದರೂ ಜೋಡಿಸಿದ ಮೊಳೆಯನ್ನು ಕೆಳಗೆ ಬೀಳಿಸುವ ಅಭ್ಯಾಸ ಆ ಹೆಂಗಸಿಗೆ ಇರಲಿಲ್ಲ. ಆಮೇಲೆ ಒಳಕೋಣೆಯ ಕಡೆ ತಿರುಗಿದಳು.

“ರೀ, ಸ್ವಲ್ಪ ಬನ್ನಿ ಇಲ್ಲಿ.”

“ತಡಿಯೇ, ಒಂದು ಒಳ್ಳೇ ವಾಕ್ಯ ಕೈಗೆ ಸಿಕ್ಕಿದೆ.”

“ವಾಕ್ಯ ಎಲ್ಲೂ ಓಡಿಹೋಗಲ್ಲ. ಬನ್ನಿ ಅಂದ್ನಲ್ಲ.”

ಸೈಲಸ್ ಬ್ರೇಡನ್ ಕಿವಿಗೆ ಲೇಖನಿ ಸಿಕ್ಕಿಸಿಕೊಂಡೇ ಹೊರಬಂದರು. ಹುಟ್ಟಿನಿಂದಲೇ ಸ್ವತಂತ್ರರು, ಓದಿದವರು, ಕರಿಯರದೇ ಒಂದು ಪತ್ರಿಕೆ ಈ ಊರಿಗೆ ಬೇಕೆಂದು ಇದ್ದ ಮನೆಯನ್ನೇ ಅಚ್ಚುಕೂಟ ಮಾಡಿಕೊಂಡವರು. ವಾರಕ್ಕೊಮ್ಮೆ ಬರುವ ಅವರ ‘ಕಾವಲುಗಾರ’ನನ್ನು ಹಡಗುಕಟ್ಟೆಯಿಂದ ಹೋಟೆಲಿನ ಅಡುಗೆಮನೆಯವರೆಗೆ ಎಲ್ಲ ಕಡೆ ಓದುತ್ತಿದ್ದರು, ಓದಲು ಬಾರದವರು ಓದಿಸಿ ಕೇಳುತ್ತಿದ್ದರು. ಮನಸ್ಸು ಬೆಣ್ಣೆಯಂಥದು. ತಮ್ಮ ವಾಕ್ಯಗಳ ಮೇಲೆ ತಮಗೇ ಸ್ವಲ್ಪ ಮೋಹ ಜಾಸ್ತಿ, ಅಷ್ಟೇ.

ಆ ಪತ್ರಿಕೆಯಲ್ಲಿ ಎಲ್ಲರೂ ಮೊದಲು ತಿರುವಿ ನೋಡುತ್ತಿದ್ದುದು ‘ಅವರ ಬಾಯಿಂದಲೇ’ ಎಂಬ ಅಂಕಣವನ್ನು. ಪತ್ರಿಕೆಯವರು ತಮ್ಮ ತಮ್ಮ ಪತ್ರಿಕೆಗಳನ್ನು ಅಂಚೆಯಲ್ಲಿ ಬಿಟ್ಟಿಯಾಗಿ ಕೊಟ್ಟು ತೆಗೆದುಕೊಳ್ಳುವ ರೂಢಿ ದೇಶಕ್ಕೆಲ್ಲ ಇತ್ತು. ದಕ್ಷಿಣದ ಪತ್ರಿಕೆಗಳೂ ಹೀಗೆ ಕೈಯಿಂದ ಕೈಗೆ ದಾಟಿ ಬಂದು ಬ್ರೇಡನ್ನರ ಮೇಜು ಸೇರುತ್ತಿದ್ದವು. ಓಡಿಹೋದ ಗುಲಾಮರನ್ನು ಹಿಡಿದುಕೊಡಿ ಎಂದು ಒಡೆಯರು ಕೊಟ್ಟ ಜಾಹೀರಾತುಗಳನ್ನು ಅವರು ಕತ್ತರಿಸಿ, ಒಂದಕ್ಷರ ಬಿಡದೆ ಮರುಮುದ್ರಿಸಿ, ಕೆಳಗೆ ನಾಲ್ಕು ಸಾಲು ಉಗಿಯುತ್ತಿದ್ದರು. ನೋಡಿ ಈ ಸಭ್ಯರನ್ನು, ಯಾರ ಬೆನ್ನಲ್ಲಿ ಎಷ್ಟು ಬಾಸುಂಡೆ ಎಂದು ತಾವೇ ಸಾರುತ್ತಾರೆ, ಎಂದು. ಹೋದ ವರ್ಷ ಹೊಸ ಕಾನೂನು ಬಂದು, ಓಡಿಬಂದವರನ್ನು ಗುಲಾಮಗಿರಿಯಿಲ್ಲದ ಉತ್ತರದ ಯಾವ ಊರಿನಿಂದಲಾದರೂ ಎಳೆದೊಯ್ಯಬಹುದು ಎಂದಾದ ಮೇಲೆ, ಹಳೆಯ ಒಡೆಯರಿಗೆಲ್ಲ ಹಳೆಯ ನೆನಪುಗಳು ಮರುಕಳಿಸಿದ್ದವು. ಅಂಕಣಕ್ಕೆ ಸರಕಿನ ಕೊರತೆಯೇ ಇರಲಿಲ್ಲ.

ಬ್ರೇಡನ್ ಎರಡೂ ಚೀಟಿಗಳನ್ನು ಅಕ್ಕಪಕ್ಕ ಇಟ್ಟು ಓದಿದರು. ಲವೀನಿಯಾಳ ಅಂಗಿಯ ತೋಳಿನ ಕಡೆ ಒಮ್ಮೆ ನೋಡಿದರು. ಬೇಸಿಗೆಯ ಸೆಕೆಗೂ ಅವಳು ಆ ತೋಳನ್ನು ಮಡಚಿದವಳಲ್ಲ. ಮಣಿಕಟ್ಟಿನ ಹತ್ತಿರ ಪಿನ್ನು ಚುಚ್ಚಿ ಬಿಗಿ ಮಾಡಿಕೊಂಡಿರುತ್ತಿದ್ದಳು.

“ತಂಗಿ, ನನಗೆ ಗೊತ್ತಿರ್ಲಿಲ್ಲ. ದೇವರಾಣೆ.”

“ಹೇಗೆ ಗೊತ್ತಿರುತ್ತೆ ಅಣ್ಣ? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಬಂದವರ ಹಳೆಯ ಹೆಸರು ಕೇಳಬಾರದು ಎಂಬುದು ಆ ಬೀದಿಯ ರೀತಿ. ಕೇಳಿದರೆ ತಾನೇ ಬಾಯಿ ತಪ್ಪಿ ಹೊರಬೀಳುವುದು? ಆ ಒಳ್ಳೆಯ ರೀತಿಯಿಂದಲೇ ಈಗ ಕೆಟ್ಟದ್ದಾಗಿತ್ತು. ಯಾವ ವೈನಿಯ ಸುದ್ದಿ ತಾನು ಕತ್ತರಿಸುತ್ತಿದ್ದೇನೆ ಎಂಬುದು ಕತ್ತರಿ ಹಿಡಿದವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

“ಆಯ್ತು, ತೆಗೆದುಹಾಕೋಣ. ಇನ್ನೂ ಅಚ್ಚಿಗೆ ಹೋಗಿಲ್ಲವಲ್ಲ. ಯಾರಿಗೂ ತಿಳಿಯಲ್ಲ. ಸದ್ಯ,” ಎಂದು ಬ್ರೇಡನ್ ಉಸಿರು ಬಿಟ್ಟರು.

ಪ್ರುಡೆನ್ಸ್ ಅಷ್ಟರಲ್ಲಿ ಆ ಬೆಳಗಿನ ಅಂಚೆಯಲ್ಲಿ ಬಂದ ಪತ್ರಿಕೆಗಳ ರಾಶಿಗೆ ಕೈ ಹಾಕಿದ್ದಳು. ಕ್ಲೀವ್‌ಲ್ಯಾಂಡಿನಿಂದ ಬಂದ ಒಂದನ್ನು ಬಿಚ್ಚಿ ಹರವಿದಳು. ಅದೂ ನಮ್ಮವರದೇ; ಗುಲಾಮಗಿರಿ ತೊಲಗಲಿ ಎಂದು ತಲೆಬರಹದಲ್ಲೇ ಸಾರಿಕೊಂಡ ಪತ್ರಿಕೆ. ಅದರ ಮೂರನೇ ಪುಟದಲ್ಲಿ ವೈನಿ ಇಡಿಯಾಗಿ ಇದ್ದಳು. ಮಣಿಕಟ್ಟು, ಹೊಲಿಗೆ, ನಗುಮುಖ, ಸಂತಾನ, ಏನೂ ಬಿಟ್ಟಿರಲಿಲ್ಲ. ಅಡಿಯಲ್ಲಿ ಸಂಪಾದಕರು ಕಣ್ಣೀರನ್ನೂ ಸೇರಿಸಿದ್ದರು: ‘ಈ ದೀನ ಹೆಣ್ಣು ಎಲ್ಲಿಯೇ ಇರಲಿ, ಭಗವಂತ ಅವಳನ್ನು ಮರೆಮಾಡಿ ಕಾಯಲಿ.’

“ಭಗವಂತ ಮರೆಮಾಡ್ಬೇಕಂತೆ. ಇವರು ಮಾತ್ರ ಬೀದಿಬೀದೀಲಿ ತೋರಿಸ್ಕೊಂಡು ಬರ್ತಾರಂತೆ,” ಎಂದಳು ಪ್ರುಡೆನ್ಸ್.

ಬ್ರೇಡನ್ ಅದನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿದರು. ಆ ಪತ್ರಿಕೆಯ ಪ್ರತಿ ಈ ಊರಿನ ಎಷ್ಟೋ ಮನೆಗಳಿಗೆ ಬರುತ್ತದೆ. ಇಲ್ಲಿಂದ ರಾಚೆಸ್ಟರಿನವರು ಎತ್ತಿಕೊಳ್ಳುತ್ತಾರೆ, ಅಲ್ಲಿಂದ ಬಾಸ್ಟನ್ನಿನವರು. ಒಬ್ಬೊಬ್ಬರೂ ಒಂದೊಂದು ಹನಿ ಮರುಕ ಸೇರಿಸಿ ಮುಂದೆ ದಾಟಿಸುತ್ತಾರೆ.

“ಅಣ್ಣ, ಈ ಅಂಕಣ ನಾನೇ ಎಷ್ಟು ಸಲ ಜೋಡಿಸಿಲ್ಲ?” ಲವೀನಿಯಾಳ ದನಿ ಏರಲಿಲ್ಲ, ಆದರೆ ಗಟ್ಟಿಯಾಯಿತು. “ಯಾರದೋ ಬೆನ್ನು, ಯಾರದೋ ಹರಿದ ಕಿವಿ, ಇನ್ಯಾರದೋ ಮುರಿದ ಹಲ್ಲು. ಒಂದ್ಸಲಾನೂ ನನ್ ಕೈ ತಡೀಲಿಲ್ಲ. ಒಡೆಯ ಒಂದ್ಸಲ ಡಂಗುರ ಹೊಡೀತಾನೆ. ನಾವು ಅವನನ್ನ ಬೈಕೊಂಡು ಅದೇ ಡಂಗುರ ಇನ್ನೊಂದ್ಸಲ ಹೊಡೀತೀವಿ.”

“ಅವರ ಕ್ರೌರ್ಯ ಜಗತ್ತಿಗೆ ತಿಳೀಲಿ ಅಂತ, ತಂಗಿ. ಅವರ ಮಾತೇ ಅವರಿಗೆ ಸಾಕ್ಷಿ ಆಗ್ಲಿ ಅಂತ.”

“ತಿಳೀತಲ್ಲ ಜಗತ್ತಿಗೆ, ನನ್ ಮಣಿಕಟ್ಟು ಹೇಗಿದೆ ಅಂತ ತಿಳೀತು. ಅವನ ಮುಖ ಹೇಗಿದೆ ಅಂತ ಯಾರಿಗಾದ್ರೂ ತಿಳೀತಾ? ಬೀದೀಲಿ ಎದುರಿಗೆ ಬಂದ್ರೆ ನೀವು ಗುರುತು ಹಿಡೀತೀರಾ?”

ಪ್ರುಡೆನ್ಸ್ ಗಂಡನ ಉತ್ತರಕ್ಕೆ ಕಾಯದೆ ಕೆಲಸಕ್ಕಿಳಿದಳು. ಹೋಗಲೇಬೇಕು, ಇವತ್ತೇ ಹೋಗಬೇಕು. ಬ್ಲ್ಯಾಕ್ ರಾಕ್ ಕಟ್ಟೆಯಿಂದ ಮಧ್ಯಾಹ್ನ ದೋಣಿ ಹೊರಡುತ್ತದೆ. ನದಿ ದಾಟಿದರೆ ಕೆನಡಾ, ಅಲ್ಲಿ ಈ ಕಾನೂನು ನಡೆಯುವುದಿಲ್ಲ. ಪಕ್ಕದ ಕ್ಷೌರದಂಗಡಿಯವರ ನೀರಿನ ಗಾಡಿ ಊಟದ ಹೊತ್ತಿಗೆ ಅದೇ ದಾರಿಯಲ್ಲಿ ಹೋಗುತ್ತದೆ.

“ಮಗೂಗೆ ಬಟ್ಟೆ ಗಂಟು ಕಟ್ತೀನಿ. ಮೆಕ್ಕೆಜೋಳದ ರೊಟ್ಟಿ ಇದೆ, ಕಾಕಂಬಿ ಇದೆ. ನೀನು ಬಂದು ಒಂಚೂರು ಕೂತ್ಕೋ,” ಎಂದು ಹೇಳಿ ಮೆಟ್ಟಿಲು ಹತ್ತಿದಳು.

ಲವೀನಿಯಾ ಕೂರಲಿಲ್ಲ. ತನ್ನ ಖಾನೆಗಳ ಮುಂದೆ ನಿಂತು, ಜೋಡಿಸಿದ್ದ ಸಾಲುಗಳನ್ನು ಬಿಚ್ಚತೊಡಗಿದಳು. ಮಣಿಕಟ್ಟನ್ನು ಬಿಚ್ಚಿದಳು, ಸುಟ್ಟ ಕಲೆಯನ್ನು ಬಿಚ್ಚಿದಳು, ನಗುಮುಖವನ್ನು ಬಿಚ್ಚಿದಳು. ಒಂದೊಂದು ಅಕ್ಷರವೂ ಟಿಕ್ಕೆಂದು ತನ್ನ ತನ್ನ ಖಾನೆಗೆ ಬಿತ್ತು. ಎಲ್ಲ ಬಿಚ್ಚಿ ಮುಗಿದ ಮೇಲೆ ಪಟ್ಟಿಯನ್ನು ಮತ್ತೆ ಎಡಗೈಗೆ ತೆಗೆದುಕೊಂಡಳು. ಮುಂದೆ ಚೀಟಿ ಇರಲಿಲ್ಲ. ಕೈ ಖಾನೆಗಳ ಮೇಲೆ ಹಾರಲು ಶುರುಮಾಡಿತು.

“ಏನ್ ಮಾಡ್ತಿದೀಯಾ ತಂಗಿ?”

“ಜಾಗ ಖಾಲಿ ಬಿತ್ತಲ್ಲ ಅಣ್ಣ. ತುಂಬಿಸ್ಬೇಕು ತಾನೆ?”

ಬ್ರೇಡನ್ ಹತ್ತಿರ ಬಂದು, ತಲೆಕೆಳಗಾದ ಸಾಲನ್ನು ಪಟ್ಟಿಯಲ್ಲೇ ಓದಿದರು. ಅವರ ಹುಬ್ಬು ಮೇಲೇರಿತು. ಸಂಪಾದಕರ ಕೈ ಸುಮ್ಮನಿರುತ್ತದೆಯೇ, ಕಿವಿಯ ಲೇಖನಿಯ ಕಡೆ ಹೋಯಿತು.

“ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಮೊದಲಿಗೆ ನಾನೊಂದು ಪೀಠಿಕೆ ಬರೀಲಾ? ‘ಎಲೈ ಮನುಕುಲವೇ’ ಅಂತ?”

“ಬೇಡ ಅಣ್ಣ. ಅವನು ಪೀಠಿಕೆ ಬರ್ದಿದ್ನಾ?”

“ಹೋಗ್ಲಿ, ನಿನ್ನ ಬೆನ್ನಿನ ಮೇಲೂ ಬಾಸುಂಡೆ ಇರುತ್ತಲ್ಲ, ಅದನ್ನಾದ್ರೂ ಸೇರಿಸು. ಓದೋರ ಕರುಳು ಚುರುಕ್ ಅನ್ನುತ್ತೆ.”

“ನನ್ ಮೈಯಿನ ಸುದ್ದಿ ಇನ್ ಸಾಕು. ಇದು ಅವನ ಮೈಯಿನ ಗುರುತು.”

ಬ್ರೇಡನ್ ಲೇಖನಿಯನ್ನು ಕಿವಿಗೇ ಮರಳಿಸಿದರು. ಸ್ವಲ್ಪ ಹೊತ್ತು ಅತ್ತಿತ್ತ ಓಡಾಡಿ, ಮರದ ಚಿತ್ರದಚ್ಚುಗಳ ಪೆಟ್ಟಿಗೆಯನ್ನು ತಂದು ಕೂತರು. ಮುಚ್ಚಿಹೋದ ಯಾವುದೋ ಅಚ್ಚುಕೂಟದಿಂದ ಸಾಮಾನು ಕೊಂಡಾಗ ಅದೂ ಜೊತೆಗೆ ಬಂದಿತ್ತು. ಹೆಗಲಿಗೆ ಕೋಲು, ಕೋಲಿಗೆ ಗಂಟು ಸಿಕ್ಕಿಸಿಕೊಂಡು ಓಡುವ ಕರಿಯನ ಅಚ್ಚು ಎಲ್ಲ ಅಚ್ಚುಕೂಟಗಳಲ್ಲೂ ಇರುತ್ತಿತ್ತು, ಇಲ್ಲೂ ಇತ್ತು. ಪ್ರುಡೆನ್ಸ್ ಅದನ್ನು ಅಚ್ಚಿಗೆ ಮುಟ್ಟಿಸದೆ ಕಿಟಕಿಯ ಕೆಳಗೆ ಆನಿಸಲು ಇಟ್ಟುಕೊಂಡಿದ್ದಳು. ಕಳೆದುಹೋದ ಕುದುರೆಗೆ ಅಚ್ಚಿತ್ತು, ಹಸುವಿಗಿತ್ತು. ಹುಡುಕಿ ಹಿಡಿಯಬೇಕಾದ ಒಡೆಯನ ಚಿತ್ರವನ್ನು ಮಾತ್ರ ಯಾವ ಬಡಗಿಯೂ ಕೆತ್ತಿರಲಿಲ್ಲ. ಕೊನೆಗೆ ಟೋಪಿ ಅಂಗಡಿಯ ಜಾಹೀರಾತಿನ ಗೃಹಸ್ಥ ಸಿಕ್ಕಿದ. ಎತ್ತರದ ಟೋಪಿ, ಎತ್ತಿದ ಗಲ್ಲ, ಉಬ್ಬಿದ ಎದೆ.

“ಇವನು ನಡೀತಾನಾ?”

ಲವೀನಿಯಾ ಓರೆಗಣ್ಣಲ್ಲಿ ನೋಡಿದಳು. “ಹೊಟ್ಟೆ ಸಣ್ಣದಾಯ್ತು. ಹೋಗ್ಲಿ ಬಿಡಿ, ನಡೀತಾನೆ.”

ಆಗಲೇ ಬೀದಿ ಬಾಗಿಲಿನ ಗಂಟೆ ಅಲ್ಲಾಡಿತು. ಒಳಗೆ ಬಂದವನು ಕ್ರೇನ್. ಕಾಲುವೆ ದಂಡೆಯಲ್ಲಿ ತಪ್ಪಿಸಿಕೊಂಡ ಹೇಸರಗತ್ತೆಗಳನ್ನು ಹುಡುಕಿಕೊಡುತ್ತಿದ್ದ ಬಿಳಿಯ. ಹೊಸ ಕಾನೂನು ಬಂದ ಮೇಲೆ ಮನುಷ್ಯರನ್ನು ಹುಡುಕುವ ಕಸುಬಿಗೆ ಬಡ್ತಿ ಪಡೆದಿದ್ದ. ಕ್ಷೌರ ಮಾಡಿಸಿಕೊಂಡು ಬಂದಿದ್ದ ಗಲ್ಲ ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಕಂಕುಳಲ್ಲಿ ಕ್ಲೀವ್‌ಲ್ಯಾಂಡಿನ ಆ ಪತ್ರಿಕೆ.

“ಏನಪ್ಪ ಸೈಲಸ್, ಕೆಲಸ ಜೋರಾ?”

“ನನ್ನನ್ನ ಮಿಸ್ಟರ್ ಬ್ರೇಡನ್ ಅಂತಾರೆ.”

“ಅನ್ಲಿ, ಅನ್ಲಿ.” ಕ್ರೇನ್ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟ. “ಇವಳನ್ನ ಹುಡುಕ್ತಿದೀನಿ. ಓದು ಬರುತ್ತಂತೆ. ಓದು ಬರೋ ಹೆಂಗಸರು ನಿನ್ನ ಹತ್ರ ತಾನೆ ಬರೋದು?”

“ಆ ಪತ್ರಿಕೆ ನಿನ್ನ ಕೈಗೆ ಹೇಗೆ ಬಂತು?”

“ಪಕ್ಕದ ಕ್ಷೌರದಂಗಡೀಲಿ ಬೆಂಚಿನ ಮೇಲೇ ಬಿದ್ದಿರುತ್ತೆ. ನಿನ್ನದೂ ಇರುತ್ತೆ. ವಾರ ವಾರ ತಪ್ಪಿಸದೆ ಓದ್ತೀನಿ.” ಕ್ರೇನ್ ನಿಜವಾದ ಮೆಚ್ಚುಗೆಯಿಂದಲೇ ಹೇಳಿದ. “ದಕ್ಷಿಣದ ಪತ್ರಿಕೆ ಎಲ್ಲಾ ಯಾರಪ್ಪ ಹುಡುಕ್ಕೊಂಡು ಕೂರ್ತಾರೆ? ನೀವು ಎಲ್ಲಾ ಒಂದೇ ಕಡೆ ಸೇರಿಸಿ, ಅಚ್ಚುಕಟ್ಟಾಗಿ ಕೊಡ್ತೀರಿ. ಕೆಳಗೆ ಬೈಗಳ ಇರುತ್ತೆ, ಅದನ್ನ ಬಿಟ್ಟು ಓದ್ತೀನಿ.”

ಬ್ರೇಡನ್ ಟೋಪಿಯ ಗೃಹಸ್ಥನ ಅಚ್ಚನ್ನು ಕೆಳಗಿಟ್ಟರು. ಎಷ್ಟು ವಾರ, ಎಷ್ಟು ಬೆನ್ನು, ಎಷ್ಟು ಕಿವಿ. ಹೋದ ಚಳಿಗಾಲದಲ್ಲಿ ಹಡಗುಕಟ್ಟೆಯಿಂದ ಒಬ್ಬ ಹುಡುಗನನ್ನು ಎಳೆದೊಯ್ದಾಗ ಅವರು ಒಂದಿಡೀ ಪುಟ ಕೆಂಡ ಕಾರಿದ್ದರು. ಆ ಹುಡುಗನ ಮುರಿದ ಹಲ್ಲು ಅದಕ್ಕೂ ಮೊದಲು ಇದೇ ಅಂಕಣದಲ್ಲಿ ಬಂದಿತ್ತೇ ಎಂಬುದನ್ನು ಈಗ ನೆನಪಿಸಿಕೊಳ್ಳಲು ಅವರಿಗೆ ಧೈರ್ಯ ಸಾಲಲಿಲ್ಲ.

ಮೇಲೆ ಆಲಿವ್ ಕುಪ್ಪಳಿಸುವುದು ನಿಂತಿತು, ಮತ್ತೆ ಶುರುವಾಯಿತು. ಕ್ರೇನ್ ಸೂರು ನೋಡಿದ. ಆಮೇಲೆ ಮೊಳೆಯ ಖಾನೆಗಳ ಕಡೆ ನಡೆದು ಲವೀನಿಯಾಳ ಪಕ್ಕ ನಿಂತ. ಅವಳ ಕೈ ಅಕ್ಷರಗಳನ್ನು ಹೆಕ್ಕುತ್ತಲೇ ಇತ್ತು.

“ನಿನ್ನ ಎಡಗೈ ತೋರ್ಸಮ್ಮ, ಒಂದ್ಸಲ.”

“ಮೊಳೆ ತುಂಬಿದೆ. ಓರೆ ಮಾಡಿದ್ರೆ ಎಲ್ಲಾ ಸುರಿದುಹೋಗುತ್ತೆ.” ಅವಳು ತಲೆಯೆತ್ತಲಿಲ್ಲ, ನಗಲೂ ಇಲ್ಲ.

“ಕೆಳಗಿಡು ಮತ್ತೆ.”

“ಯಾರದು, ನಮ್ ಕೆಲಸದೋರ ಕೈ ಕೇಳ್ತಿರೋದು?” ಪ್ರುಡೆನ್ಸ್ ಮೆಟ್ಟಿಲಿಳಿದು ಬಂದಳು.

“ಏನಿಲ್ಲ ಅತ್ತೆ, ಸರ್ಕಾರದ ಕೆಲಸ.”

“ಅತ್ತೆ ಅನ್ನೋಕೆ ನಿನಗೆ ನಾನ್ಯಾವಾಗ ಹೆಣ್ಣು ಕೊಟ್ಟೆ? ವಾರಂಟ್ ಇದೆಯಾ?”

“ಸಾಯಂಕಾಲ ಬರುತ್ತೆ. ಈಗ ಸುಮ್ನೆ ನೋಡೋದು. ಇಸ್ತ್ರಿ ಸುಟ್ಟ ಕಲೆ ಎಡ ಮಣಿಕಟ್ಟಲ್ಲಿ.”

ಪ್ರುಡೆನ್ಸ್ ತನ್ನ ತೋಳಿನ ಗುಂಡಿ ಬಿಚ್ಚಿದಳು. ಸಂಪಾದಕರ ಹೆಂಡತಿ ಎಂಬ ಬಿಗುಮಾನದ ಹೆಂಗಸು. ಪರರ ಬಟ್ಟೆ ಒಗೆದು ಇಸ್ತ್ರಿ ಮಾಡಿದವಳೇ ಅಲ್ಲ ಎಂದು ಚರ್ಚಿನಲ್ಲೆಲ್ಲ ನಂಬಿದ್ದರು. ಕಸೂತಿಯ ಅಂಚಿನ ಆ ತೋಳು ಮೊಣಕೈವರೆಗೆ ಏರಿತು. ಮಣಿಕಟ್ಟಿನಿಂದ ಮೇಲಕ್ಕೆ ಕಂದಿದ ಕಲೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಪತ್ರಿಕೆಯ ಕಾಗದಕ್ಕೆ, ಮಸಿಗೆ ಇಷ್ಟು ವರ್ಷ ಹಣ ಎಲ್ಲಿಂದ ಬಂತು ಎಂಬುದು ಹೋಟೆಲಿನ ಹಿಂಬಾಗಿಲಿಗೆ ಗೊತ್ತಿತ್ತು, ಗಂಡನಿಗೆ ಗೊತ್ತಿತ್ತು. ಈಗ ಕ್ರೇನನಿಗೂ ಗೊತ್ತಾಯಿತು.

“ನೋಡ್ಕೋ. ಯಾವುದು ಬೇಕು? ನಾನು ಪೆನ್ಸಿಲ್ವೇನಿಯಾದಲ್ಲಿ ಸ್ವತಂತ್ರ ತಾಯಿಗೆ ಹುಟ್ಟಿದೋಳು, ಕಾಗದ ಪತ್ರ ಇದೆ. ಈ ಬೀದೀಲಿ ಮನೆ ಮನೆಗೂ ಹೋಗು, ಸುಡದ ಕೈ ಒಂದು ತೋರ್ಸು. ಆ ನಿನ್ನ ಕಾಲರ್ ಯಾರು ಇಸ್ತ್ರಿ ಮಾಡಿದ್ದು? ನಿನ್ನ ಹೆಂಡ್ತೀನಾ?”

ಬಾಗಿಲಲ್ಲಿ ನೆರಳಾಡಿತು. ಪಕ್ಕದ ಅಂಗಡಿಯ ಕ್ಷೌರಿಕರು ಇಬ್ಬರು, ಹೆಗಲ ಮೇಲೆ ಚೌಕ, ಕೈಯಲ್ಲಿ ಮಡಿಸದ ಕತ್ತಿ, ಸುಮ್ಮನೆ ಬಂದು ನಿಂತಿದ್ದರು. ಕ್ರೇನ್ ಈಗಷ್ಟೇ ನುಣುಪಾಗಿದ್ದ ಗಲ್ಲವನ್ನು ಸವರಿಕೊಂಡ. ಪತ್ರಿಕೆ ಮಡಿಸಿ ಕಂಕುಳಿಗೆ ಸೇರಿಸಿದ.

“ಸಾಯಂಕಾಲ ಬರ್ತೀನಿ,” ಎಂದ.

“ಬಾ. ಬರೋವಾಗ ಕೊಳೆ ಬಟ್ಟೆ ಇದ್ರೆ ತಾ,” ಎಂದಳು ಪ್ರುಡೆನ್ಸ್. ಅವನು ಬೀದಿಯ ತಿರುವು ದಾಟುವವರೆಗೆ ಅವಳು ತೋಳನ್ನು ಇಳಿಸಲಿಲ್ಲ. ಆಮೇಲೆ ಗುಂಡಿ ಹಾಕಿಕೊಂಡು ಲವೀನಿಯಾಳ ಕಡೆ ತಿರುಗಿದಳು.

“ಗಾಡಿ ಈಗ್ಲೇ ಕಟ್ತಾರೆ. ಸಾಕು ಬಾರೇ, ಬಿಡು ಅದನ್ನ.”

“ಒಂದೇ ಸಾಲು, ಅಕ್ಕ.”

“ಹುಚ್ಚಾ ನಿನಗೆ? ಒಂದು ಸಾಲಿಗೋಸ್ಕರ ಮಗೂನ ಅವನ ಕೈಗೆ ಕೊಡ್ತೀಯಾ?”

“ಆ ಸಾಲಿಗೋಸ್ಕರಾನೇ ಅಕ್ಕ ಮಿಕ್ಕಿದ್ದೆಲ್ಲಾ ಬರ್ದಿದ್ದು.”

ಗಾಡಿಗೆ ಕುದುರೆ ಕಟ್ಟುವಷ್ಟರಲ್ಲಿ ಅವಳು ಆ ಸಾಲನ್ನು ಜೋಡಿಸಿ ಮುಗಿಸಿದಳು. ಬ್ರೇಡನ್ ಅದರ ಮೇಲೆ ಮಸಿ ಸವರಿ, ಕಾಗದ ಒತ್ತಿ, ಒಂದು ಕರಡು ತೆಗೆದರು. ಓದುವಾಗ ಅವರ ದನಿ ಸಭೆಯಲ್ಲಿ ಇರುವಂತೆ ಇರಲಿಲ್ಲ.

‘ಬೇಕಾಗಿದ್ದಾನೆ. ಮೇರಿಲ್ಯಾಂಡಿನ ನಿವಾಸಿ, ಹೆಸರು ಥಾರ್ನ್‌ಟನ್ ಪೀಕ್. ವಯಸ್ಸು ಐವತ್ತು ದಾಟಿದೆ. ಮೈಬಣ್ಣ ಬೇಯಿಸಿದ ಹಂದಿಮಾಂಸದ್ದು. ನಡೆಯುವಾಗ ಹೊಟ್ಟೆ ಮುಂದಿರುತ್ತದೆ. ತನ್ನ ಬೂಟನ್ನು ತಾನೇ ಹಾಕಿಕೊಳ್ಳಲು ಬರುವುದಿಲ್ಲ. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾನೆ. ಕೂಲಿಯ ಮಾತೆತ್ತಿದರೆ ನೆಲ ನೋಡುತ್ತಾನೆ. ಬಲಗೈಯಲ್ಲಿ ಉಂಗುರವಿದೆ, ಅದರ ಗುರುತು ಹಲವರ ಕೆನ್ನೆಯ ಮೇಲಿದೆ. ಅವನ ಮೈಮೇಲೆ ಗಾಯದ ಗುರುತು ಒಂದೂ ಇಲ್ಲ. ಹಿಡಿದವರಿಗೆ ಬಹುಮಾನವಿಲ್ಲ, ಅವನನ್ನು ಮರಳಿ ಪಡೆಯುವ ಆಸೆ ನನಗಿಲ್ಲ. ನನ್ನ ತಂಗಿ ಸೆನಾಳನ್ನು ಯಾರಿಗೆ ಮಾರಿದನೆಂದು ಹೇಳುವವರೆಗೆ ಮಾತ್ರ ತಡೆದು ನಿಲ್ಲಿಸಿಕೊಳ್ಳಿ. ಲವೀನಿಯಾ.’

ಲವೀನಿಯಾ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಂಡು, ಮೇಲೆ ಹೋಗಿ ಮಗಳನ್ನು ಎತ್ತಿಕೊಂಡು ಬಂದಳು. ನೀರಿನ ಪೀಪಾಯಿಗಳ ನಡುವೆ ಅವರಿಬ್ಬರನ್ನು ಕೂರಿಸಿದರು. ಪ್ರುಡೆನ್ಸ್ ರೊಟ್ಟಿಯ ಗಂಟನ್ನು ಮಗುವಿನ ತೊಡೆಯ ಮೇಲಿಟ್ಟು, ಅಮ್ಮನಿಗೂ ಕೊಡು ಎಂದಳು. ಬ್ರೇಡನ್ ಟೋಪಿ ತೆಗೆದು ಬೀದಿಯಲ್ಲಿ ನಿಂತಿದ್ದರು. ಗಾಡಿ ಕಣ್ಣಿಗೆ ಮರೆಯಾದರೂ ಟೋಪಿ ಕೈಯಲ್ಲೇ ಇತ್ತು.

ದೋಣಿ ಸಿಕ್ಕಿತು. ನಯಾಗರಾ ಅಲ್ಲಿ ಬಲವಾಗಿ ಎಳೆಯುತ್ತದೆ. ಆಲಿವ್ ಅಮ್ಮನ ಶಾಲಿನೊಳಗೆ ಮುಖ ಹುದುಗಿಸಿಕೊಂಡೇ ದಾಟಿದಳು. ಆಚೆ ದಡದಲ್ಲಿ ಇಳಿದಾಗ ಲವೀನಿಯಾಳಿಗೆ ಸಂತೋಷವಾಗಲಿಲ್ಲ. ತಾನು ಬಾಡಿಗೆ ಕೊಟ್ಟು, ಪರದೆ ಹೊಲಿದು, ಮಗು ಹೆತ್ತ ಕೋಣೆಯನ್ನು ಬಿಟ್ಟು ಎರಡನೇ ಸಲ ಓಡಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಆ ಉರಿ ಸೇಂಟ್ ಕ್ಯಾಥರೀನ್ಸ್ ಊರಿನವರೆಗೂ ಅವಳ ಜೊತೆಗೇ ಬಂತು.

ಅಲ್ಲಿ ಅಚ್ಚುಕೂಟವಿರಲಿಲ್ಲ. ಓಡಿಬಂದವರದೇ ಒಂದು ಕೇರಿಯಲ್ಲಿ ಕೋಣೆ ಹಿಡಿದು, ಮತ್ತೆ ಇಸ್ತ್ರಿಯ ಕೆಲಸ ಹಿಡಿದಳು. ಸ್ವಲ್ಪ ದಿನ ಕಳೆದ ಮೇಲೆ, ಅಂಚೆಯಲ್ಲಿ ‘ಕಾವಲುಗಾರ’ ಬಂತು. ಹಿಂದಿನ ವಾರಗಳದ್ದೂ ಸೇರಿ ಒಂದು ಸುತ್ತು. ಅವಳು ಜೋಡಿಸಿದ್ದು ಅವಳು ಜೋಡಿಸಿದಂತೆಯೇ ಇತ್ತು, ಮೇಲೆ ಟೋಪಿಯ ಗೃಹಸ್ಥ. ಬ್ರೇಡನ್ ಅದರ ಅಡಿಯಲ್ಲಿ ಒಂದು ಸಾಲನ್ನೂ ಸೇರಿಸಿರಲಿಲ್ಲ. ಅವರಿಗೆ ಅದು ಉಪವಾಸವಿದ್ದಷ್ಟು ಕಷ್ಟವಾಗಿರಬೇಕು ಎಂದುಕೊಂಡಳು. ಮುಂದಿನ ವಾರದ ಪತ್ರಿಕೆಯಲ್ಲಿ ‘ಅವರ ಬಾಯಿಂದಲೇ’ ಇರಲಿಲ್ಲ. ಆ ಜಾಗದಲ್ಲಿ ‘ಬೇಕಾಗಿದ್ದಾರೆ’ ಎಂದಿತ್ತು. ಹೋಟೆಲಿನ ಅಡುಗೆಯವನೊಬ್ಬ ಕೆಂಟಕಿಯ ಒಬ್ಬ ಗೃಹಸ್ಥನ ಮೂಗನ್ನು ವರ್ಣಿಸಿದ್ದ. ಯಾರೋ ಮುದುಕಿ, ತನ್ನ ಮಕ್ಕಳನ್ನು ಹರಾಜಿಗಿಟ್ಟ ವಿಧವೆ ಒಡತಿಯೊಬ್ಬಳ ಕೆಮ್ಮು ಹೇಗಿರುತ್ತದೆಂದು ಹೇಳಿ ಬರೆಸಿದ್ದಳು. ಹೇಳಿದವರ ಊರು, ಹೆಸರು, ಗುರುತು ಯಾವುದೂ ಇರಲಿಲ್ಲ. ಎಲ್ಲದರ ಮೇಲೂ ಅದೇ ಟೋಪಿಯವನು.

ಸೆನಾಳ ಸುದ್ದಿ ಯಾವ ವಾರದ್ದರಲ್ಲೂ ಇರಲಿಲ್ಲ. ಅವಳು ಎರಡು ಸಲ ತಿರುವಿ ನೋಡಿದಳು.

ಆಲಿವ್ ನೆಲದ ಮೇಲೆ ಬೋರಲು ಮಲಗಿ, ಟೋಪಿಯ ಸುತ್ತ ಬೆರಳಾಡಿಸುತ್ತಿದ್ದಳು.

“ಅಮ್ಮ, ಇವನು ಸಿಕ್ಕಿದ್ನಾ?”

“ಇನ್ನೂ ಇಲ್ಲ ಮಗಳೇ.”

ಲವೀನಿಯಾ ಮಣಿಕಟ್ಟಿನ ಪಿನ್ನು ತೆಗೆದು ಗೋಡೆಗೆ ಚುಚ್ಚಿದಳು. ಎರಡೂ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡು, ಒಲೆಯ ಮೇಲೆ ಕಾಯುತ್ತಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಕೊಂಡಳು.